ಕುರ್ಚಿಯ ಹೆಸರು ಬದಲಾದರೆ ಸಾಕೆ?

1965ರಲ್ಲಿ ಮೈಸೂರು ಸೀಮೆಯ ಇಬ್ಬರು ಬೇರೆ ಬೇರೆ ರಾಜ್ಯಗಳಲ್ಲಿ ರಾಜ್ಯಪಾಲರಾಗಿದ್ದರು. ಮದರಾಸಿನಲ್ಲಿ ಮೈಸೂರಿನ ಹಿಂದಿನ ಮಹಾರಾಜ ಜಯಚಾಮರಾಜ ಒಡೆಯರ್, ಮಧ್ಯಪ್ರದೇಶದಲ್ಲಿ ಕೆ.ಸಿ. ರೆಡ್ಡಿ. ಹದಿನೆಂಟು ವರ್ಷ ಹಿಂದೆ ಇದೇ ರೆಡ್ಡಿ ಇದೇ ಒಡೆಯರ ಸರ್ಕಾರದ ವಿರುದ್ಧ ‘ಮೈಸೂರು ಚಲೋ’ ನಡೆಸಿ ಜೈಲು ಸೇರಿದ್ದರು. ‘ರಾಜಕಾರಣ ಅಂದ್ರೆ ಇಷ್ಟೇ, ಗಾಳಿ ಬಂದಾಗ ತೂರ್ಕೊಳ್ಳೋದು’ ಎಂದು ನಕ್ಕುಬಿಡುವುದು ಸುಲಭ. ಸಂಗತಿ ಅಷ್ಟು ಸಲೀಸಲ್ಲ.

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಹುಟ್ಟಿದ ರೆಡ್ಡಿ ಕಾನೂನು ಓದಿದವರು. 1930ರ ಸುಮಾರಿಗೆ ಪ್ರಜಾಪಕ್ಷ ಕಟ್ಟಿ, ಆಮೇಲೆ ಕಾಂಗ್ರೆಸ್ಸಿಗೆ ಬಂದರು. ಅವರು ಕೇಳುತ್ತಿದ್ದದ್ದು ಜವಾಬ್ದಾರಿ ಸರ್ಕಾರ. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಅಲ್ಲಿ ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ದಿವಾನರು ಲೆಕ್ಕ ಒಪ್ಪಿಸುತ್ತಿದ್ದುದು ಅರಮನೆಗೆ. 1947ರ ಆಗಸ್ಟ್ 15 ಬಂದು ಹೋದರೂ ಇದು ಹಾಗೇ ಉಳಿದಾಗ ಸೆಪ್ಟೆಂಬರಿನಲ್ಲಿ ಜನ ಬೀದಿಗಿಳಿದರು. ಅದೇ ‘ಮೈಸೂರು ಚಲೋ’. ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಇರುವುದು ಆ ದಿನಗಳಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು.

ಕೊನೆಗೆ ಅರಮನೆ ಮಣಿಯಿತು. ಅಕ್ಟೋಬರ್ 25ರಂದು ರೆಡ್ಡಿ ಮುಖ್ಯಮಂತ್ರಿಯಾದರು. ಮಹಾರಾಜರು ಸಿಂಹಾಸನದಲ್ಲೇ ಇದ್ದರು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೂ 1949ರವರೆಗೆ ಇದ್ದರು. 1950ರಲ್ಲಿ ಮಹಾರಾಜರು ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರು. ಕುರ್ಚಿಯ ಹೆಸರು ಮತ್ತೆ ಮತ್ತೆ ಬದಲಾಯಿತು. ಅಧಿಕಾರ ಜನರ ಕಡೆ ತಿರುಗಿದ್ದು ಮಾತ್ರ 1947ರಲ್ಲಿ. ಕೊನೆಗೆ ರೆಡ್ಡಿಯೂ ಜನ ಆರಿಸದ ಕುರ್ಚಿಯಲ್ಲಿ ಕೂತರಲ್ಲ ಎನ್ನಬಹುದು. ಆದರೆ ಆ ಕುರ್ಚಿಗೆ ಮಂತ್ರಿಮಂಡಲದ ಮಾತು ಕೇಳಬೇಕಾದ ಕಟ್ಟುಪಾಡಿದೆ. ಹಳೆಯ ಸಿಂಹಾಸನಕ್ಕೆ ಅದಿರಲಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಜರ್ಮನಿಯದು. ಬೆಂಗಳೂರಿನ ಬೇಗೂರಿನಿಂದ ಆಡುಗೋಡಿಯ ಬಾಷ್‌ಗೆ ಕೆಲಸಕ್ಕೆ ಹೋಗುವವರಿಗೆ ಆ ಕಂಪನಿಯ ತವರಾದ ಸ್ಟುಟ್‌ಗಾರ್ಟ್ ಹೆಸರು ಹೊಸದಲ್ಲ. ಅಲ್ಲಿಯ ವಕೀಲ ರೈನ್‌ಹೋಲ್ಡ್ ಮೈಯರ್ ಕೈಸರ್, ವೈಮಾರ್ ಗಣರಾಜ್ಯ, ಹಿಟ್ಲರ್, ಯುದ್ಧಾನಂತರದ ಪಶ್ಚಿಮ ಜರ್ಮನಿ ನಾಲ್ಕನ್ನೂ ಕಂಡವರು. 1933ರ ಮಾರ್ಚ್ 23ರಂದು ಸಂಸತ್ತಿನ ಅಧಿಕಾರವನ್ನೇ ಹಿಟ್ಲರನಿಗೆ ಒಪ್ಪಿಸುವ ಕಾನೂನಿಗೆ ಅವರೂ ಮತ ಹಾಕಿದರು. ಅವರ ಹೆಂಡತಿ ಯಹೂದಿ. ಆಕೆ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋಗಿ ಜೀವ ಉಳಿಸಿಕೊಳ್ಳಬೇಕಾಯಿತು. 1952ರಲ್ಲಿ ಮೈಯರ್ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಒಳ್ಳೆಯ ಆಡಳಿತಗಾರರೇ. ಆದರೂ ಆ ಒಂದು ಮತ ಅವರ ಹೆಸರಿನ ಬೆನ್ನು ಬಿಟ್ಟಿಲ್ಲ. ಒಬ್ಬ ರಾಜಕಾರಣಿ ಎಷ್ಟು ಆಳ್ವಿಕೆ ದಾಟಿ ಬಂದ ಎಂಬುದು ದೊಡ್ಡದಲ್ಲ. ಪ್ರಶ್ನೆ ಕೇಳುವ ಜನರ ಹಕ್ಕನ್ನು ಗಳಿಸಿಕೊಟ್ಟನೋ, ಬಿಟ್ಟುಕೊಟ್ಟನೋ ಎಂಬುದೇ ಮುಖ್ಯ.

ಇದನ್ನು ಬೇಗೂರಿಗೆ ಹಚ್ಚಿ ನೋಡಿ. ‘ಬೆಂಗಳೂರು’ ಎಂಬ ಹೆಸರಿರುವ, ಸುಮಾರು ಕ್ರಿ.ಶ. 890ರ ಶಾಸನ ಸಿಕ್ಕಿದ್ದು ಇಲ್ಲಿಯ ನಾಗೇಶ್ವರ ದೇವಾಲಯದಲ್ಲಿ. ಇದೇ ಊರಿನ ಇನ್ನೊಂದು ಕಲ್ಲು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು, ನಾಗತ್ತರ ಎಂಬ ನಾಯಕ ಯುದ್ಧದಲ್ಲಿ ಮಡಿದ ಮೇಲೆ ಗಂಗರ ದೊರೆ ಎರೆಯಪ್ಪ ಬೇಗೂರು ಸೀಮೆಯ ಹನ್ನೆರಡು ಹಳ್ಳಿಗಳನ್ನು ಇರುಗ ಎಂಬವನಿಗೆ ಕೊಟ್ಟದ್ದನ್ನು ಹೇಳುತ್ತದೆ. ಹಳ್ಳಿಯವರನ್ನು ಯಾರು ಕೇಳಿದ್ದರು?

ಆಮೇಲೆ ಎಷ್ಟು ಆಳ್ವಿಕೆ ಬಂದವು! ಬೇಗೂರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ವಾರ್ಡಾಯಿತು. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಅಷ್ಟರಲ್ಲಿ ಚುನಾವಣೆಯಿಲ್ಲದೆ ಐದು ವರ್ಷ ಕಳೆದಿತ್ತು. ಆ ಐದು ವರ್ಷ ಚರಂಡಿ ಕಟ್ಟಿಕೊಂಡರೆ, ಅಗೆದ ರಸ್ತೆಗೆ ಡಾಂಬರು ಬೀಳದಿದ್ದರೆ ಆ್ಯಪ್‌ನಲ್ಲಿ ದೂರು ಹಾಕಬಹುದಿತ್ತು, ಅಧಿಕಾರಿಗೆ ಅರ್ಜಿ ಕೊಡಬಹುದಿತ್ತು. ಕೆಲಸ ಆಗದಿದ್ದರೆ ಮುಂದಿನ ಸಲ ಸೋಲಿಸುವುದಕ್ಕೆ ಯಾರೂ ಇರಲಿಲ್ಲ. 1881ರ ಸಭೆಯ ಸದಸ್ಯರಿಗಿದ್ದದ್ದೂ ಇಷ್ಟೇ ಹಕ್ಕು.

ಪಾಲಿಕೆ ಒಂದಿರಲಿ, ಐದಿರಲಿ. ಕಾರ್ಪೊರೇಟರ್ ಇಲ್ಲದ ವಾರ್ಡಿಗೆ ಹೊಸ ಬೋರ್ಡು ಹಾಕುವುದನ್ನು ಸುಧಾರಣೆ ಎನ್ನಲಾಗದು. ಪಕ್ಷ ಯಾವುದೇ ಇರಲಿ, ಮತ ಕೇಳಲು ಬಂದವರಿಂದ ಬೇಗೂರಿನವರು ಮೊದಲು ಪಡೆಯಬೇಕಾದ ಮಾತು ಇದು: ಅವಧಿ ಮುಗಿದ ಕೂಡಲೇ ಚುನಾವಣೆ, ಒಂದು ದಿನವೂ ತಡವಿಲ್ಲದೆ.