ತಗಡಿನ ಫಲಕವೂ ಸಂಧಿಪ್ರಕರಣವೂ

ಮೋಟಾರು ಗಾಡಿಯಲ್ಲಿ ಚಾಲಕನ ಇದಿರಿಗಿರುವ ಫಲಕಕ್ಕೆ ‘ಡ್ಯಾಶ್‌ಬೋರ್ಡ್’ ಎಂದು ಹೆಸರು. ಮೂಲತಃ ಅದು ಕುದುರೆಗಾಡಿಯ ಮುಂದಣ ಹಲಗೆ; ಗೊರಸಿನಿಂದ ಸಿಡಿಯುವ ಕೆಸರನ್ನು ತಡೆಯುವುದು ಅದರ ಕೆಲಸ. ಕುದುರೆ ಹೋಯಿತು, ಹೆಸರು ಉಳಿಯಿತು. ಈಗ ಅಲ್ಲಿ ವೇಗಮಾಪಕವೂ ಇಂಧನಸೂಚಿಯೂ ಕುಳಿತಿವೆ.

ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಕಾರು ಜೋಡಿಸುವ ಹವ್ಯಾಸ ಇಂಗ್ಲೆಂಡಿನಲ್ಲಿ ಬೆಳೆಯಿತು. 1957ರಲ್ಲಿ ಬಂದ ‘ಲೋಟಸ್ ಸೆವೆನ್’ ಅದಕ್ಕೆ ಪ್ರಸಿದ್ಧ ನಿದರ್ಶನ. ನಮ್ಮಲ್ಲಿ ಮಾದರಿ ಪರೀಕ್ಷೆಯಾಗದ ಗಾಡಿ ರಸ್ತೆಗಿಳಿಯುವುದನ್ನು ಕಾನೂನು ಒಪ್ಪದು. ಆದರೂ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ಪರ್ಧೆಗಳಿಗಾಗಿ ಸ್ವತಃ ಗಾಡಿ ಕಟ್ಟುತ್ತಾರೆ. ಬಸವಕಲ್ಯಾಣದಲ್ಲಿಯೂ ಬೀದರಿನಲ್ಲಿಯೂ ಅಂತಹ ಕಾಲೇಜುಗಳಿವೆ. ಹುಮನಾಬಾದಿನ ಹೆದ್ದಾರಿಯ ಬದಿಗೆ ಗ್ಯಾರೇಜುಗಳಿವೆ. ಆದುದರಿಂದ ಈ ವಿಷಯ ನಮ್ಮ ಮಕ್ಕಳಿಗೆ ದೂರದ್ದಲ್ಲ.

ಅಲ್ಯುಮಿನಿಯಂ ತಗಡಿನ ಫಲಕ ಕೂರಿಸುವುದು ಸುಲಭವೆಂದು ತೋರಬಹುದು. ಮೊದಲು ರಟ್ಟನ್ನು ಕತ್ತರಿಸಿ, ಗಾಡಿಯಲ್ಲಿಟ್ಟು ನೋಡಿ, ತಿದ್ದಿ, ಬಳಿಕವೇ ತಗಡಿನ ಮೇಲೆ ಗೆರೆಯೆಳೆಯಬೇಕು. ಗೆರೆಗಿಂತ ಕೂದಲೆಳೆಯಷ್ಟು ಹೊರಗೆ ಕತ್ತರಿಸಿ, ಮಿಕ್ಕುದನ್ನು ಕಾನಸಿನಿಂದ ಉಜ್ಜಬೇಕು. ಚಿಕ್ಕ ಮಾಪಕಕ್ಕೆ ಸಾಮಾನ್ಯವಾಗಿ 52 ಮಿಲಿಮೀಟರಿನ ರಂಧ್ರ ಬೇಕು. ಕಿರಿದಾದುದನ್ನು ಹಿಗ್ಗಿಸಬಹುದು, ಹಿಗ್ಗಿದುದು ಮತ್ತೆ ಕುಗ್ಗದು.

ವ್ಯಾಕರಣ ಬಲ್ಲವರಿಗೆ ಇದು ಪರಿಚಿತ ಪ್ರಕ್ರಿಯೆ. ‘ಊರು’ ‘ಅನ್ನು’ ಕೂಡುವಾಗ ಉಕಾರ ಲೋಪವಾಗಿ ‘ಊರನ್ನು’ ಆಗುತ್ತದೆ. ಕಾನಸು ಮಾಡುವುದೂ ಲೋಪವನ್ನೇ. ‘ಮನೆ’ ‘ಅನ್ನು’ ಕೂಡುವಾಗ ನಡುವೆ ಯಕಾರ ಬರುತ್ತದೆ. ಹಾಗೆಯೇ ತಂತಿಗೂ ತಗಡಿನ ಅಂಚಿಗೂ ನಡುವೆ ರಬ್ಬರಿನ ಬಳೆ ಬರಬೇಕು. ಈ ಆಗಮವಿಲ್ಲದಿದ್ದರೆ ಗಾಡಿಯ ಅದುರಾಟದಿಂದ ತಂತಿಯ ಹೊದಿಕೆ ಸವೆದು, ವಿದ್ಯುತ್ತು ತಗಡಿಗೆ ಹರಿದು, ಬೆಂಕಿ ಹೊತ್ತಬಹುದು. ಮಾತಿನಲ್ಲಿ ಸಂಧಿ ತಪ್ಪಿದರೆ ಕಿವಿ ನೋಯುವುದು. ಇಲ್ಲಿ ತಪ್ಪಿದರೆ ಮೈ ಸುಡುವುದು.

ಇನ್ನು ಹೊಳಪಿನ ಮಾತು. ಕನ್ನಡಿಯಂತೆ ತಿಕ್ಕಿದ ಫಲಕ ನಮ್ಮ ಸೀಮೆಯ ಬಿಸಿಲಿನಲ್ಲಿ ಚಾಲಕನ ಕಣ್ಣು ಕುಕ್ಕುತ್ತದೆ. ನಮ್ಮ ಜಿಲ್ಲೆಯ ಬಿದರಿ ಕುಶಲಿಗಳನ್ನು ನೋಡಿರಿ. ಸತು–ತಾಮ್ರಗಳ ಎರಕವನ್ನು ನಯಗೊಳಿಸಿ, ಚಾಣದಿಂದ ಕೊರೆದು, ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರೆಸಿದ ದ್ರವದಿಂದ ಕಪ್ಪುಗೊಳಿಸುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಫಲಕವೂ ಹಾಗೆಯೇ ಮಂಕಾಗಿರಲಿ, ಅಂಕಿಗಳು ಬೆಳಗಲಿ.

ಇಷ್ಟು ವಿವೇಕವನ್ನು ಬೇಡುವ ಕೆಲಸವನ್ನು ವಿದ್ಯೆ ಹತ್ತದವರ ಪಾಲೆಂದು ನಾವು ಎಣಿಸುತ್ತೇವೆ. ‘ಪಾಸಾಗದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ’ ಎಂದು ಮಕ್ಕಳನ್ನು ಹೆದರಿಸುವ ತಂದೆತಾಯಿಗಳಿದ್ದಾರೆ. ಇದರಿಂದ ಎರಡು ಹಾನಿ: ಗ್ಯಾರೇಜಿನ ಹುಡುಗ ತನ್ನ ವಿದ್ಯೆಯನ್ನು ವಿದ್ಯೆಯೆಂದು ತಿಳಿಯುವುದಿಲ್ಲ, ಓದುವ ಹುಡುಗನ ಕೈ ಕೆಲಸ ಕಲಿಯುವುದಿಲ್ಲ. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಒಂದು ಕೆಲಸದ ಮೇಜು, ಹತ್ತಾರು ಕಾನಸುಗಳು ಇರಲಿ. ಹುಡುಗನಿರಲಿ, ಹುಡುಗಿಯಿರಲಿ, ತರಗತಿಗೆ ಮೊದಲಿಗರಾದವರೇ ಇರಲಿ, ಒಂದು ತಗಡನ್ನು ಅಳತೆಗೆ ಕೂರಿಸದೆ ಯಾರೂ ಶಾಲೆ ದಾಟದಿರಲಿ. ತಾನೇ ಕತ್ತರಿಸಿದ ತಗಡು ಕೂರದಿದ್ದಾಗ ಯಾವ ಮೇಷ್ಟರೂ ಹೇಳಬೇಕಾಗಿಲ್ಲ. ತಪ್ಪು ಎಲ್ಲಿದೆಯೆಂದು ತಗಡೇ ತೋರಿಸುತ್ತದೆ.