ರಕ್ತದ ಕಬ್ಬಿಣವೂ ಮುಚ್ಚಿದ ಕೋಣೆಯ ಕೆಂಡವೂ

ಕಳೆದ ಪುಷ್ಯಮಾಸದಲ್ಲಿ ಬಂಧುಗಳ ಮನೆಗೆ ಹೋಗಿದ್ದೆನು. ಅಲ್ಲಿ ಬಾಣಂತಿಯ ಕೋಣೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಮಂಚದ ಬಳಿ ಇದ್ದಿಲ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟಿದ್ದರು. ಬಾಣಂತಿಯು ತಲೆನೋವೆಂದು ನರಳುತ್ತಿದ್ದಳು. ಜೊತೆಗಿದ್ದ ಅಜ್ಜಿಗೂ ತಲೆ ಸುತ್ತುತ್ತಿದ್ದಿತು. ಮನೆಯವರು ದೃಷ್ಟಿ ತಾಗಿತೆಂದು ಭಾವಿಸಿದ್ದರು. ನಾನು ಕೂಡಲೆ ಶಿಶುವನ್ನೂ ಅವರಿಬ್ಬರನ್ನೂ ಬಯಲಿಗೆ ಕರೆತರಿಸಿ, ವೈದ್ಯರಲ್ಲಿಗೆ ಕಳುಹಿಸಿದೆನು. ದೈವಾನುಗ್ರಹದಿಂದ ಮೂವರೂ ಕ್ಷೇಮವಾಗಿದ್ದಾರೆ. ಅಂದು ಮನೆಯವರಿಗೆ ಹೇಳಿದ ಕಾರಣವನ್ನೇ ಇಲ್ಲಿ ವಾಚಕರಿಗೂ ಅರಿಕೆಮಾಡುತ್ತೇನೆ.

ಕಬ್ಬಿಣ, ಕೋಬಾಲ್ಟ್, ನಿಕಲ್ ಮುಂತಾದ ಲೋಹಗಳ ಪರಮಾಣುವು ಬೇರೆ ಅಣುಗಳನ್ನು ತನ್ನ ಸುತ್ತ ನಿಯತ ಸಂಖ್ಯೆಯಲ್ಲಿ, ನಿಯತ ದಿಕ್ಕುಗಳಲ್ಲಿ ಹಿಡಿದು ನಿಲ್ಲಿಸಿಕೊಳ್ಳುವುದು. ಕ್ರಿಯಾಪದಕ್ಕೆ ಆರು ಕಾರಕಗಳಿರುವಂತೆ, ಇವುಗಳಿಗೆ ಅನೇಕ ವೇಳೆ ಆರು ಸ್ಥಾನಗಳಿರುವುವು: ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಈ ತತ್ತ್ವವನ್ನು 1893ರಲ್ಲಿ ಜ್ಯೂರಿಕ್ ನಗರದ ಆಲ್ಫ್ರೆಡ್ ವರ್ನರ್ ಎಂಬ ಪಂಡಿತರು ಪ್ರತಿಪಾದಿಸಿದರು. 1913ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ನಮ್ಮ ರಕ್ತಕ್ಕೆ ಕೆಂಪುಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ನಿನಲ್ಲಿಯೂ ಇದೇ ವ್ಯವಸ್ಥೆಯಿದೆ. ಅದರ ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು. ಪ್ರತಿಯೊಂದೂ ಚಪ್ಪಟೆಯಾದ ಬಳೆಯೊಂದರ ನಡುವೆ ನಾಲ್ಕು ಸಾರಜನಕ ಪರಮಾಣುಗಳನ್ನು ಹಿಡಿದುಕೊಂಡಿರುವುದು. ಐದನೆಯ ಸ್ಥಾನದಲ್ಲಿ ಪ್ರೋಟೀನಿನ ಭಾಗವೊಂದಿರುವುದು. ಆರನೆಯದು ಆಮ್ಲಜನಕಕ್ಕಾಗಿ ತೆರವಾಗಿರುವುದು. ಆಮ್ಲಜನಕವು ಶ್ವಾಸಕೋಶದಲ್ಲಿ ಅಲ್ಲಿ ಬಂದು ಕುಳಿತು, ಅಂಗಾಂಗಗಳಲ್ಲಿ ಎದ್ದುಹೋಗುವುದು. ಅದು ಸೇರಿದೊಡನೆ, ಬಳೆಯ ಮಟ್ಟದಿಂದ ತುಸು ಹೊರಗಿದ್ದ ಕಬ್ಬಿಣವು ಆ ಮಟ್ಟಕ್ಕೆ ಸರಿಯುವುದು. ಆ ಸೆಳೆತದಿಂದ ಇಡೀ ಅಣುವಿನ ಆಕಾರವು ಬದಲಾಗಿ, ಉಳಿದ ಕಬ್ಬಿಣಗಳೂ ಆಮ್ಲಜನಕವನ್ನು ಹೆಚ್ಚು ಸುಲಭವಾಗಿ ಸ್ವೀಕರಿಸುವುವು. ಕೇಂಬ್ರಿಜ್ಜಿನ ಮ್ಯಾಕ್ಸ್ ಪೆರುಟ್ಜ್ ಅವರು 1960ರಲ್ಲಿ ಈ ಅಣುವಿನ ರಚನೆಯನ್ನು ಪ್ರಕಟಿಸಿ, 1970ರಲ್ಲಿ ಈ ಚಲನೆಯನ್ನು ವಿವರಿಸಿದರು.

ಹಿಡಿಯುವುದು ಎಷ್ಟು ಮುಖ್ಯವೋ ಬಿಡುವುದೂ ಇಲ್ಲಿ ಅಷ್ಟೇ ಮುಖ್ಯ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುವುದು. ಅದು ಅದೇ ಆರನೆಯ ಸ್ಥಾನವನ್ನು ಆಕ್ರಮಿಸುವುದು. ಹಿಮೋಗ್ಲೋಬಿನ್ನಿಗೆ ಅದರಲ್ಲಿರುವ ಒಲವು ಆಮ್ಲಜನಕದಲ್ಲಿರುವುದಕ್ಕಿಂತ ಸುಮಾರು 200 ಪಾಲು ಹೆಚ್ಚು. ಅಷ್ಟೇ ಅಲ್ಲ, ಉಳಿದ ಸ್ಥಾನಗಳಲ್ಲಿರುವ ಆಮ್ಲಜನಕವೂ ಸುಲಭವಾಗಿ ಬಿಡುಗಡೆ ಹೊಂದಲಾರದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದ ಹೊಗೆ ಕಾಣಲಿಲ್ಲವೆಂದು ನಿಶ್ಚಿಂತರಾಗಿರಲಾಗದು. ಸಾಮಾನ್ಯ ವಾಯುವನ್ನು ಉಸಿರಾಡಿದರೆ ರಕ್ತದಲ್ಲಿ ಸೇರಿದ ಈ ವಿಷದಲ್ಲಿ ಅರ್ಧಭಾಗವು ತೊಲಗಲು ಸುಮಾರು 4–5 ಗಂಟೆಗಳು ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು.

ನಮ್ಮ ಹಿರಿಯರೂ ಕೆಂಡವನ್ನಿಡುತ್ತಿದ್ದರಲ್ಲ ಎಂದು ಕೆಲವರು ಕೇಳಬಹುದು. ಅವರ ಹೆಂಚಿನ ಮನೆಗಳಲ್ಲಿ ಸಂದುಸಂದಿನಿಂದ ಗಾಳಿಯಾಡುತ್ತಿದ್ದಿತು; ಸಿಮೆಂಟಿನ ತಾರಸಿಯ ಕೋಣೆಯಲ್ಲಿ ಆ ಅನುಕೂಲವಿಲ್ಲ. ಬಾಣಂತಿಯನ್ನು ಹೊದಿಕೆಯಿಂದ ಬೆಚ್ಚಗಿಡಿರಿ; ಮುಚ್ಚಿದ ಕೋಣೆಯಲ್ಲಿ ಕೆಂಡವು ಬೇಡ. ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರಿನಲ್ಲಿಯೂ ಇದೇ ಅಪಾಯವುಂಟು. ಒಂದೇ ಕೋಣೆಯಲ್ಲಿರುವ ಇಬ್ಬರಿಗೆ ಏಕಕಾಲದಲ್ಲಿ ತಲೆನೋವು, ಓಕರಿಕೆ ಕಂಡುಬಂದರೆ, ಮೊದಲು ಅವರನ್ನು ಹೊರಕ್ಕೆ ಕರೆತಂದು ಆಸ್ಪತ್ರೆಗೆ ಸಾಗಿಸತಕ್ಕದ್ದು. ದೃಷ್ಟಿ ತೆಗೆಯುವ ಕಾರ್ಯವನ್ನು ಆಮೇಲೆ ಮಾಡಬಹುದು.