ಬದುವಿನ ಜಗಳ ಮತ್ತು ಬಾಹುಬಲಿ



ಇಂದಿನ ಸಮಾಜದಲ್ಲಿ ವಸ್ತುಗಳ ಆಸೆ ಹೆಚ್ಚಾಗಿದೆ, ಅದರ ಜೊತೆಗೇ ಸಿಟ್ಟೂ ಹೆಚ್ಚಾಗಿದೆ ಎಂದು ಹಿರಿಯರು ಹೇಳುತ್ತಾರೆ. ಮೊಬೈಲು, ಬೈಕು ಬಂದದ್ದರಿಂದಲೇ ಜನ ಕೆಟ್ಟರು ಅಂತ ಕೆಲವರ ವಾದ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಮೊಬೈಲು ಇಲ್ಲದ ಕಾಲದಲ್ಲೂ ಬದುವಿನ ಜಗಳ ಇತ್ತಲ್ವಾ? "ಅವನಿಗೆ ಜಾಸ್ತಿ ಆಯ್ತು, ನನಗೆ ಕಡಿಮೆ ಆಯ್ತು" ಎಂಬ ಲೆಕ್ಕವೇ ಸಿಟ್ಟಿನ ಬೇರು ಎಂಬುದು ನನ್ನ ಅಭಿಪ್ರಾಯ.

ನಮ್ಮ ಹಳ್ಳಿಗಳನ್ನೇ ನೋಡಿ. ಒಂದು ಎಕರೆಗೆ 40 ಗುಂಟೆ. ಅಣ್ಣತಮ್ಮಂದಿರು ಹೊಡೆದಾಡುವುದು ಎಷ್ಟಕ್ಕೆ? ಎಷ್ಟೋ ಸಲ ಒಂದು ಗುಂಟೆಯೂ ಆಗದ ಬದುವಿಗೆ! ಕೋರ್ಟಿಗೆ ಅಲೆದು, ವಕೀಲರ ಫೀಸಿಗೆ, ಬಸ್ ಚಾರ್ಜಿಗೆ ಆ ನೆಲದ ಬೆಲೆಗಿಂತ ಹೆಚ್ಚು ಖರ್ಚು ಮಾಡುತ್ತಾರೆ. ಆಮೇಲೆ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗೋದಿಲ್ಲ, ಸಾವಿಗೂ ಹೋಗೋದಿಲ್ಲ. ಪಾಪ, ಅವರ ಮಕ್ಕಳು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರಲು ಹೆದರುತ್ತಾರೆ. "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇಂಥ ಅಣ್ಣತಮ್ಮಂದಿರ ಜಗಳದ ಒಂದು ಹಳೆಯ ಕಥೆ ನಮ್ಮ ನಾಡಿನಲ್ಲಿದೆ. ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಗೊಮ್ಮಟನನ್ನು ಶಾಲಾ ಪ್ರವಾಸದಲ್ಲಿ ಎಷ್ಟೋ ಮಕ್ಕಳು ನೋಡಿರುತ್ತಾರೆ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ, ಸುಮಾರು 58 ಅಡಿ ಎತ್ತರದ ಏಕಶಿಲಾ ಮೂರ್ತಿ ಅದು. ಅದರ ಹಿಂದಿನ ಕಥೆ ಆಸ್ತಿಯ ಜಗಳದ್ದೇ! ಪಂಪನ ಆದಿಪುರಾಣದಲ್ಲೂ ಈ ಕಥೆ ಬರುತ್ತದೆ. ಭರತನಿಗೆ ಭೂಮಿಯೆಲ್ಲ ಗೆದ್ದರೂ ಸಾಲದು, ತಮ್ಮ ಬಾಹುಬಲಿಯೂ ತಲೆಬಾಗಬೇಕು. ಸೈನಿಕರು ಸುಮ್ಮನೆ ಸಾಯುವುದು ಬೇಡವೆಂದು ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಮೂರರಲ್ಲೂ ತಮ್ಮನೇ ಗೆದ್ದ. ಸಿಟ್ಟು ತಡೆಯಲಾರದೆ ಅಣ್ಣ ಚಕ್ರವನ್ನೇ ಪ್ರಯೋಗಿಸಿದ. ಅದು ತಮ್ಮನಿಗೆ ಏನೂ ಮಾಡಲಿಲ್ಲ. ಆದರೆ ಒಡಹುಟ್ಟಿದವನೇ ಹೀಗೆ ಮಾಡಿದನಲ್ಲ ಎಂದು ಬಾಹುಬಲಿಗೆ ಬೇಸರವಾಗಿ, ಗೆದ್ದ ರಾಜ್ಯ ಬಿಟ್ಟು ತಪಸ್ಸಿಗೆ ನಿಂತ. ಮೂರ್ತಿಯ ಕಾಲಬುಡದ ಹುತ್ತ, ಮೈಗೆ ಹಬ್ಬಿದ ಬಳ್ಳಿ ಆ ತಪಸ್ಸಿನ ಗುರುತು.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಅಷ್ಟು ಕಾಲ ನಿಂತರೂ ಅವನಿಗೆ ಜ್ಞಾನ ಸಿಗಲಿಲ್ಲವಂತೆ. "ನಾನು ನಿಂತಿರುವುದು ಅಣ್ಣನ ನೆಲದ ಮೇಲೆ" ಎಂಬ ಕೊರಗು ಮನಸ್ಸಿನ ಮೂಲೆಯಲ್ಲಿ ಉಳಿದಿತ್ತಂತೆ. ಕೊನೆಗೆ ಭರತನೇ ಬಂದು ನಮಸ್ಕರಿಸಿದ ಮೇಲೆ ಆ ಕೊರಗು ಕರಗಿತು ಎಂದು ಹೇಳುತ್ತಾರೆ. ನೋಡಿ, ರಾಜ್ಯ ಬಿಡುವುದು ಸುಲಭವಾಯ್ತು, "ಅವನದು, ನನ್ನದು" ಎಂಬ ಲೆಕ್ಕ ಬಿಡುವುದು ಕಷ್ಟವಾಯ್ತು!

ಹಾಗಂತ ಎಲ್ಲರೂ ಹೊಲ ಬಿಟ್ಟು ಕಾಡಿಗೆ ಹೋಗಿ ಅಂತ ನಾನು ಹೇಳೋದಿಲ್ಲ. ನೆಲವೇ ರೈತನ ಅನ್ನ. ತ್ಯಾಗ ಮಾಡು ಎಂದು ಬಡವನಿಗೆ, ಪಾಲು ಕೇಳಲು ಬಂದ ಅಕ್ಕತಂಗಿಯರಿಗೆ ಉಪದೇಶ ಮಾಡುವುದು ತುಂಬಾ ಸುಲಭ. ಅದು ನ್ಯಾಯವಲ್ಲ. ನ್ಯಾಯವಾದ ಪಾಲನ್ನು ಕೇಳಲೇಬೇಕು. ಸರ್ವೆಯವರನ್ನು ಕರೆಸಿ ಅಳತೆ ಮಾಡಿಸಲಿ, ಕಲ್ಲು ನೆಡಿಸಲಿ. ಆದರೆ ಕಲ್ಲು ಹೊಲದಲ್ಲಿ ಇರಲಿ, ಎದೆಯಲ್ಲಿ ಬೇಡ. ಕಲ್ಲು ನೆಟ್ಟ ದಿನವೇ ಇಬ್ಬರೂ ಒಂದು ಜಗಲಿ ಮೇಲೆ ಕೂತು ಕಾಫಿ ಕುಡಿಯಲಿ. ಯಾರು ಮೊದಲು ಹೋಗಬೇಕು? ಕಥೆಯಲ್ಲಿ ಹೋದವನು ಚಕ್ರವರ್ತಿ. ಚಕ್ರವರ್ತಿಗೇ ಇಲ್ಲದ ನಾಚಿಕೆ ನಮಗೇಕೆ?

ದೊಡ್ಡವರು ಕೇಳುತ್ತಾರೋ ಬಿಡುತ್ತಾರೋ ಗೊತ್ತಿಲ್ಲ. ನಾವಾದರೂ ಮನೆಯ ಜಗಳವನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರೋಣ. ದಾಯಾದಿಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರೋಣ. ಏನಂತೀರಿ?

– ಹತ್ತನೇ ತರಗತಿಯ ವಿದ್ಯಾರ್ಥಿನಿ